ನಡುವಿನ ಎರಡು ಪುಟ: ಒಂದು ಅಭಿಮಾನಿ ಪತ್ರಿಕೆಯ ಪ್ರಕರಣ

ಪತ್ರಿಕೆ ಅಚ್ಚಿಗೆ ಹೋಗಲು ಮೂರು ವಾರ ಉಳಿದಿತ್ತು. 36 ಪುಟಗಳಲ್ಲಿ 34 ತುಂಬಿದ್ದವು. ಖಾಲಿ ಇದ್ದದ್ದು ನಟ್ಟನಡುವಿನ ಎರಡು ಪುಟ ಮಾತ್ರ. ಅಷ್ಟರಲ್ಲಿ ಒಂದು ಪತ್ರ ಬಂತು. ಗೆರೆ ಇರುವ ನಾಲ್ಕು ಹಾಳೆ, ನೀಲಿ ಶಾಯಿ, ಓರೆ ಅಕ್ಷರ. ಬರೆದವರು ನಮ್ಮ ಹಳೇ ಚಂದಾದಾರರು. ಅದನ್ನು ಅಚ್ಚು ಹಾಕಬೇಕೋ ಬೇಡವೋ ಎಂದು ನಾವು ನಾಲ್ಕು ಜನ ಸುಮಾರು ಹತ್ತು ದಿನ ವಾದ ಮಾಡಿದೆವು. ಆ ಹತ್ತು ದಿನಗಳ ಕಥೆ ಇದು.

ಇದು 2019ರ ಬೇಸಿಗೆಯ ಕೊನೆಯಲ್ಲಿ ನಡೆದದ್ದು. ಊರು ಲಂಡನ್, ಅದರ ಉತ್ತರ ಭಾಗದ ಕೆಂಟಿಶ್ ಟೌನ್. ಪತ್ರಿಕೆಯ ವಿಷಯ ಒಂದೇ ಒಂದು: ಮ್ಯಾಡ್‌ನೆಸ್ ಎಂಬ ಬ್ಯಾಂಡ್. ನಮ್ಮದು ಬ್ಯಾಂಡಿನವರ ಪತ್ರಿಕೆ ಅಲ್ಲ. ಅವರ ಅನುಮತಿಯೂ ಇಲ್ಲ, ದುಡ್ಡೂ ಇಲ್ಲ. ಅಭಿಮಾನಿಗಳೇ ಬರೆದು, ಅಚ್ಚು ಹಾಕಿಸಿ, ಮಡಚಿ, ಪಿನ್ ಹೊಡೆದು ಅಂಚೆಗೆ ಹಾಕುವಂಥದ್ದು. ಇಂಗ್ಲೆಂಡಿನಲ್ಲಿ ಇದಕ್ಕೆ ಫ್ಯಾನ್‌ಝೀನ್ ಎನ್ನುತ್ತಾರೆ. ಶಾಲೆಯಲ್ಲಿ ಕೈಬರಹದ ಪತ್ರಿಕೆ ಮಾಡಿದವರಿಗೆ ಇದರ ಖುಷಿ ಮತ್ತು ಕಷ್ಟ ಎರಡೂ ಬೇಗ ಅರ್ಥವಾಗುತ್ತವೆ.

ನಾನು ಹಾಸನದ ಕಡೆಯವನು. ಕೆಲಸಕ್ಕೆಂದು ಲಂಡನ್ನಿಗೆ ಹೋದವನು. ಕ್ಯಾಮ್ಡನ್‌ನ ಒಂದು ಹಳೇ ಸಾಮಾನಿನ ಅಂಗಡಿಯಲ್ಲಿ ರೆಕಾರ್ಡ್ ಹುಡುಕುವಾಗ ಪತ್ರಿಕೆಯ ಸಂಪಾದಕರ ಪರಿಚಯವಾಯಿತು. ಅವರು ರಾತ್ರಿ ಪಾಳಿಯಲ್ಲಿ ಅಂಚೆ ವಿಂಗಡಿಸುವ ಕೆಲಸದವರು. ನನಗೆ ಪುಟ ಜೋಡಿಸುವ ಕೆಲಸ ಸ್ವಲ್ಪ ಗೊತ್ತಿತ್ತು. ಮುಂದಿನ ಸಂಚಿಕೆಯಿಂದಲೇ ಅದು ನನ್ನ ಪಾಲಿಗೆ ಬಂತು. ಚಂದಾ ಲೆಕ್ಕ ಸಂಪಾದಕರ ಅಕ್ಕನದು. ಅವರ ಹತ್ತಿರ ಒಂದು ತಗಡಿನ ಬಿಸ್ಕತ್ ಡಬ್ಬಿ, ಅದರ ತುಂಬ ಕಾರ್ಡುಗಳು, ಒಬ್ಬೊಬ್ಬ ಚಂದಾದಾರರಿಗೆ ಒಂದೊಂದು. ಕರಡು ತಿದ್ದುತ್ತಿದ್ದವರು ನಿವೃತ್ತ ಶಾಲಾ ಮೇಷ್ಟ್ರು. ಒಟ್ಟು 200ಕ್ಕೂ ಸ್ವಲ್ಪ ಜಾಸ್ತಿ ಪ್ರತಿ ಹೋಗುತ್ತಿದ್ದವು.

ಮ್ಯಾಡ್‌ನೆಸ್ ಬಗ್ಗೆ ಸ್ವಲ್ಪ ಹೇಳಲೇಬೇಕು. ಇಲ್ಲದಿದ್ದರೆ ಪತ್ರದ ಭಾರ ಗೊತ್ತಾಗುವುದಿಲ್ಲ. 1976ರಲ್ಲಿ ಕ್ಯಾಮ್ಡನ್ ಸುತ್ತಮುತ್ತಲಿನ ಹುಡುಗರು ಸೇರಿ ಶುರು ಮಾಡಿದ ಬ್ಯಾಂಡ್. ಮೊದಲ ಹೆಸರು ನಾರ್ತ್ ಲಂಡನ್ ಇನ್‌ವೇಡರ್ಸ್. 1979ರಲ್ಲಿ ಹೆಸರು ಬದಲಾಯಿತು. ಆ ಹೆಸರನ್ನು ಅವರು ತೆಗೆದುಕೊಂಡದ್ದು ಜಮೈಕಾದ ಪ್ರಿನ್ಸ್ ಬಸ್ಟರ್ ಅವರ ಒಂದು ಹಾಡಿನಿಂದ. ಅವರ ಮೊದಲ ರೆಕಾರ್ಡ್ 'ದಿ ಪ್ರಿನ್ಸ್' ಕೂಡ ಅದೇ ಬಸ್ಟರ್‌ಗೆ ನಮಸ್ಕಾರ ಹೇಳುವ ಹಾಡು. 1979ರ ಆಗಸ್ಟ್‌ನಲ್ಲಿ ಬಂದು ಬ್ರಿಟನ್ನಿನಲ್ಲಿ ವಾರವಾರ ಜಾಸ್ತಿ ಮಾರಾಟವಾಗುವ ರೆಕಾರ್ಡುಗಳ ಪಟ್ಟಿಯಲ್ಲಿ 16ನೇ ಜಾಗದವರೆಗೆ ಹೋಯಿತು. ಅಕ್ಟೋಬರ್‌ನಲ್ಲಿ ಮೊದಲ ಆಲ್ಬಮ್ 'ಒನ್ ಸ್ಟೆಪ್ ಬಿಯಾಂಡ್' ಬಂತು. ಅದು 2ನೇ ಜಾಗಕ್ಕೆ ಏರಿತು. ಆಮೇಲೆ 'ಬ್ಯಾಗಿ ಟ್ರೌಸರ್ಸ್', 'ಹೌಸ್ ಆಫ್ ಫನ್', 'ಅವರ್ ಹೌಸ್'. 1980ರ ದಶಕದಲ್ಲಿ ಈ ಬ್ಯಾಂಡಿನ ಹಾಡುಗಳು ಒಟ್ಟು 214 ವಾರ ಬ್ರಿಟನ್ನಿನ ಪಟ್ಟಿಯಲ್ಲಿದ್ದವು. ಆ ದಶಕದಲ್ಲಿ ಅಷ್ಟು ವಾರ ಇದ್ದ ಇನ್ನೊಂದು ಬ್ಯಾಂಡ್ ಯುಬಿ40 ಮಾತ್ರ. 1986ರಲ್ಲಿ ಒಡೆದುಹೋದರು, 1992ರಲ್ಲಿ ಮತ್ತೆ ಕೂಡಿದರು. 2012ರಲ್ಲಿ ರಾಣಿಯ ವಜ್ರ ಮಹೋತ್ಸವಕ್ಕೆ ಬಕಿಂಗ್‌ಹ್ಯಾಮ್ ಅರಮನೆಯ ಮಾಳಿಗೆ ಮೇಲೆ ನಿಂತು ಹಾಡಿದರು.

ಅವರ ಸಂಗೀತದ ಬೇರು ಸ್ಕಾ. 1950ರ ದಶಕದ ಕೊನೆಯಲ್ಲಿ ಜಮೈಕಾದಲ್ಲಿ ಹುಟ್ಟಿದ ಶೈಲಿ ಅದು. ನಮ್ಮವರಿಗೆ ಹೀಗೆ ಹೇಳಬಹುದು: ತಾಳ ಹಾಕುವಾಗ ಕೈ ತೊಡೆಗೆ ಬೀಳುತ್ತದಲ್ವಾ, ಗಿಟಾರ್ ಅಲ್ಲಿ ನುಡಿಯುವುದಿಲ್ಲ. ಕೈ ಮೇಲೆದ್ದಿರುವ ಆ ಗಳಿಗೆಯಲ್ಲಿ 'ಚಕ್' ಎನ್ನುತ್ತದೆ. ಕಾಲು ಸುಮ್ನೆ ಕೂರುವುದಿಲ್ಲ. ದುಡಿಯಲು ಇಂಗ್ಲೆಂಡಿಗೆ ಬಂದ ಜಮೈಕಾದವರು ಈ ರೆಕಾರ್ಡುಗಳನ್ನು ತಮ್ಮ ಜೊತೆ ತಂದರು. ಅವರ ನೆರೆಹೊರೆಯ ಬಿಳಿಯ ಹುಡುಗರೂ ಕೇಳಿದರು. 1960ರ ದಶಕದ ಕೊನೆಯಲ್ಲಿ ಸ್ಕಿನ್‌ಹೆಡ್ ಎಂದು ಕರೆಸಿಕೊಂಡ, ತಲೆ ಸಣ್ಣಗೆ ಕತ್ತರಿಸಿಕೊಂಡ ಹುಡುಗರು ಕುಣಿದದ್ದು ಈ ಕಪ್ಪು ಜನರ ಸಂಗೀತಕ್ಕೇ.

ಹತ್ತು ವರ್ಷದಲ್ಲಿ ಗಾಳಿ ಬದಲಾಯಿತು. ತಲೆ ಬೋಳಿಸಿಕೊಂಡ ಹೊಸ ಹುಡುಗರಲ್ಲಿ ಹಲವರನ್ನು ನ್ಯಾಷನಲ್ ಫ್ರಂಟ್ ಎಂಬ ಪಕ್ಷ ಸೆಳೆಯಿತು. ಕಪ್ಪಗಿದ್ದವರು, ಕಂದು ಬಣ್ಣದವರು ದೇಶ ಬಿಟ್ಟು ಹೋಗಬೇಕು ಎನ್ನುತ್ತಿದ್ದ ಪಕ್ಷ ಅದು. 1979ರ ಚುನಾವಣೆಯಲ್ಲಿ 303 ಕಡೆ ಅಭ್ಯರ್ಥಿಗಳನ್ನು ನಿಲ್ಲಿಸಿತ್ತು. ಅದಕ್ಕೆ ಒಂದು ವರ್ಷ ಮೊದಲು, 1978ರ ಮೇ 4ರಂದು, ಪೂರ್ವ ಲಂಡನ್ನಿನಲ್ಲಿ ಅಲ್ತಾಬ್ ಅಲಿ ಎಂಬ ಬಂಗಾಳಿ ಯುವಕ ಕೆಲಸ ಮುಗಿಸಿ ಮನೆಗೆ ಹೋಗುವಾಗ ಕೊಲೆಯಾದರು. ಬಟ್ಟೆ ಹೊಲಿಯುವ ಕೆಲಸದವರು. ಅವರ ಹೆಸರಿನ ಪಾರ್ಕ್ ಈಗ ವೈಟ್‌ಚಾಪೆಲ್‌ನಲ್ಲಿದೆ. ನಾನು ಲಂಡನ್ನಿಗೆ ಹೋದ ಮೊದಲ ವರ್ಷ ಅಲ್ಲಿ ಕೂತು ಎಷ್ಟೋ ಸಲ ಮಧ್ಯಾಹ್ನದ ಬುತ್ತಿ ತಿಂದಿದ್ದೇನೆ. ಅದು ಯಾರ ಹೆಸರು ಎಂದು ತಿಳಿದದ್ದು ತುಂಬ ತಡವಾಗಿ.

ಇದೇ ಹೊತ್ತಿಗೆ ಕವೆಂಟ್ರಿಯಲ್ಲಿ ಜೆರ್ರಿ ಡ್ಯಾಮರ್ಸ್ ಟೂ ಟೋನ್ ಎಂಬ ರೆಕಾರ್ಡ್ ಕಂಪನಿ ಶುರು ಮಾಡಿದರು. ಗುರುತೇ ಕಪ್ಪು ಬಿಳಿ ಚೌಕಳಿ. ಅವರ ಸ್ಪೆಷಲ್ಸ್ ಬ್ಯಾಂಡಿನಲ್ಲಿ, ಸೆಲೆಕ್ಟರ್ ಬ್ಯಾಂಡಿನಲ್ಲಿ ಕಪ್ಪು ಬಿಳಿ ಜನ ಒಟ್ಟಿಗೆ ನುಡಿಸುತ್ತಿದ್ದರು. ಅದೇ ಅವರ ಮಾತಾಗಿತ್ತು. ಮ್ಯಾಡ್‌ನೆಸ್‌ನ ಮೊದಲ ರೆಕಾರ್ಡ್ ಬಂದದ್ದೂ ಟೂ ಟೋನ್‌ನಲ್ಲೇ. ಆದರೆ ಮ್ಯಾಡ್‌ನೆಸ್‌ನಲ್ಲಿ ಎಲ್ಲರೂ ಬಿಳಿಯರು. ನ್ಯಾಷನಲ್ ಫ್ರಂಟಿನ ಹುಡುಗರು ಅವರ ಕಾರ್ಯಕ್ರಮಗಳಿಗೆ ಬಂದು ಮುಂದೆ ನಿಲ್ಲತೊಡಗಿದರು. ನಾಜಿಗಳ ಹಾಗೆ ಕೈ ಎತ್ತತೊಡಗಿದರು.

ನಮ್ಮ ಪತ್ರಿಕೆಯ ಹಳೇ ಸಂಚಿಕೆಗಳನ್ನೆಲ್ಲ ಆಮೇಲೆ ತೆಗೆದು ನೋಡಿದೆ. ಯಾವ ರೆಕಾರ್ಡಿನ ಕವರ್ ಎಲ್ಲಿ ತೆಗೆದದ್ದು ಎಂಬ ಲೇಖನ ಇತ್ತು. 'ಆಬ್ಸೊಲ್ಯೂಟ್ಲಿ' ಆಲ್ಬಮ್ಮಿನ ಚಿತ್ರ ಚಾಕ್ ಫಾರ್ಮ್ ಸ್ಟೇಷನ್ ಎದುರು, 'ದಿ ರೈಸ್ ಅಂಡ್ ಫಾಲ್' ಚಿತ್ರ ಪ್ರಿಮ್‌ರೋಸ್ ಗುಡ್ಡದ ಮೇಲೆ ಎಂದೆಲ್ಲ ನಕ್ಷೆ ಸಮೇತ. 'ಬ್ಯಾಗಿ ಟ್ರೌಸರ್ಸ್' ವಿಡಿಯೊದಲ್ಲಿ ಲೀ ಥಾಂಪ್ಸನ್ ಸ್ಯಾಕ್ಸೊಫೋನ್ ಹಿಡಿದು ಗಾಳಿಯಲ್ಲಿ ಹಾರುತ್ತಾರಲ್ಲ, ಅದಕ್ಕೇ ಮೂರು ಪುಟ. 1979ರ ಹೊಡೆದಾಟ, ಆ ಎತ್ತಿದ ಕೈಗಳು, ಇವುಗಳ ಬಗ್ಗೆ ಒಂದು ಸಾಲೂ ಇರಲಿಲ್ಲ. ನಾನೂ ಅದಕ್ಕೆ ಪಾಲುದಾರ. ಅಷ್ಟು ಸಂಚಿಕೆ ಪುಟ ಜೋಡಿಸಿದವನು ನಾನೇ.

ಪತ್ರದಲ್ಲಿ ಇದ್ದದ್ದು ಇದು. ಬರೆದ ಮಹಿಳೆಯ ತಂದೆ ತಾಯಿ ಜಮೈಕಾದವರು. 1979ರಲ್ಲಿ ಅವರಿಗೆ 15 ವರ್ಷ. ಮನೆಯಲ್ಲಿ ಅಪ್ಪನ ಹತ್ತಿರ ಪ್ರಿನ್ಸ್ ಬಸ್ಟರ್ ರೆಕಾರ್ಡುಗಳಿದ್ದವು. ರೇಡಿಯೊದಲ್ಲಿ 'ದಿ ಪ್ರಿನ್ಸ್' ಕೇಳಿದಾಗ ಅಪ್ಪ ಅಡುಗೆಮನೆಯಿಂದ ಓಡಿ ಬಂದು, 'ನಮ್ಮ ಬಸ್ಟರ್ ಬಗ್ಗೆ ಹಾಡ್ತಾ ಇದ್ದಾರೆ ಕಣೆ' ಎಂದರಂತೆ. ಮಗಳು ಕೂಡಿಟ್ಟ ದುಡ್ಡಿನಲ್ಲಿ ಟಿಕೆಟ್ ತೆಗೆದುಕೊಂಡಳು. ಬಾಗಿಲಿನ ಹತ್ತಿರ ಬೋಳು ತಲೆಯ ಹುಡುಗರ ಗುಂಪು ಅವಳನ್ನು ನೋಡಿ ಮಂಗನ ಹಾಗೆ ಕೂಗಿತು. ಒಬ್ಬ ಕೈ ಎತ್ತಿದ. ಅವಳು ತಿರುಗಿ ಬಸ್ ಹತ್ತಿದಳು. ಚೆನ್ನಾಗಿತ್ತು ಎಂದು ಅಪ್ಪನಿಗೆ ಸುಳ್ಳು ಹೇಳಿದಳು. ರೆಕಾರ್ಡ್ ಕೊಳ್ಳುವುದನ್ನು ಮಾತ್ರ ಬಿಡಲಿಲ್ಲ. ಬ್ಯಾಂಡನ್ನು ಎದುರಿಗೆ ನಿಂತು ನೋಡುವಷ್ಟರಲ್ಲಿ 40 ದಾಟಿತ್ತು.

ಕೊನೆಯ ಹಾಳೆಯಲ್ಲಿ ಒಂದು ಪ್ರಶ್ನೆ. ಬ್ಯಾಂಡಿನ ಮೊದಲ ರೆಕಾರ್ಡ್ ಬಂದು 40 ವರ್ಷವಾಯಿತೆಂದು ನೀವು ಸಂಚಿಕೆ ಮಾಡುತ್ತಿದ್ದೀರಿ ಎಂದು ತಿಳಿಯಿತು. ಆ 40 ವರ್ಷದಲ್ಲಿ ನಾನು ಇದ್ದೇನೆಯೇ?

ಮೇಷ್ಟ್ರು ಮೊದಲು ಬೇಡ ಎಂದರು. ಅವರ ಕಾರಣ ಹಗುರವಾದದ್ದಲ್ಲ. ಬಾಗಿಲಲ್ಲಿ ನಿಂತವರು ಯಾರೋ ಪುಂಡರು, ಅದಕ್ಕೆ ಬ್ಯಾಂಡ್ ಹೊಣೆಯಲ್ಲ, 1979ರಲ್ಲಿ ಪತ್ರಿಕೆಗಳು ಅವರ ಮೇಲೆ ಹೊರಿಸಿದ ಜನಾಂಗದ್ವೇಷದ ಆರೋಪವನ್ನು ಅಭಿಮಾನಿಗಳ ಪತ್ರಿಕೆಯೇ ಮತ್ತೆ ಎತ್ತಿದ ಹಾಗಾಗುತ್ತದೆ ಎಂಬುದು ಅವರ ಮಾತು. ಅಕ್ಕನ ಮಾತು ಇನ್ನೂ ನೇರ: 'ಜನ ಖುಷಿಗೆ ಅಂತ ದುಡ್ಡು ಕಳಿಸ್ತಾರೆ. ಹಬ್ಬದ ದಿನ ಸೂತಕ ಹೇಳೋದಾ?' ನಾನು ಹಾಕಬೇಕು ಎಂದೆ. ಆದರೆ ನನಗೆ ಆ ಕಾಲದ ಅನುಭವವಿಲ್ಲ. ಹುಟ್ಟಿರಲೇ ಇಲ್ಲ. ಕಂದು ಬಣ್ಣದವನು ಎಂಬುದೊಂದೇ ನನ್ನ ಕಾರಣ ಎಂದು ಅವರು ಅಂದುಕೊಳ್ಳಬಾರದು ಎಂಬ ಸಂಕೋಚವೂ ಇತ್ತು.

ಸಂಪಾದಕರು ಏನೂ ಹೇಳಲಿಲ್ಲ. ಪತ್ರವನ್ನು ಮನೆಗೆ ತೆಗೆದುಕೊಂಡು ಹೋದರು.

ಆ ವಾರ ನಾವು ಮಾಡಿದ ಒಳ್ಳೆ ಕೆಲಸವೆಂದರೆ ವಾದ ನಿಲ್ಲಿಸಿ ಸಂಗತಿ ಹುಡುಕಿದ್ದು. ಸೇಂಟ್ ಪ್ಯಾಂಕ್ರಸ್‌ನಲ್ಲಿರುವ ಬ್ರಿಟಿಷ್ ಲೈಬ್ರರಿಗೆ ನಾನು, ಮೇಷ್ಟ್ರು ಹೋದೆವು. ಹಳೇ ಸಂಗೀತ ಪತ್ರಿಕೆಗಳನ್ನು ತೆಗೆದು ಕೂತೆವು. 1979ರ ನವೆಂಬರ್‌ನ ಎನ್‌ಎಂಇ ವಾರಪತ್ರಿಕೆಯಲ್ಲಿ ಬ್ಯಾಂಡಿನ ಒಂದು ಸಂದರ್ಶನ ಇತ್ತು. ಬ್ಯಾಂಡಿನ ಕುಣಿತಗಾರ ಚಾಸ್ ಸ್ಮ್ಯಾಶ್, ಬರುವವರು ನ್ಯಾಷನಲ್ ಫ್ರಂಟಿನವರಾದರೂ ನಮಗೇನಿಲ್ಲ, ಖುಷಿಯಾಗಿದ್ದರೆ ಸಾಕು ಎಂಬ ಅರ್ಥದ ಮಾತು ಹೇಳಿದ್ದರು. ಆ ಮಾತು ಅವರನ್ನು ಬಹಳ ದಿನ ಬಿಡಲಿಲ್ಲ. 1980ರಲ್ಲಿ ಬಂದ ಬ್ಯಾಂಡಿನ ಇಪಿಯಲ್ಲಿ (ಕೆಲವೇ ಹಾಡುಗಳ ಚಿಕ್ಕ ರೆಕಾರ್ಡ್) 'ಡೋಂಟ್ ಕೋಟ್ ಮಿ ಆನ್ ದಟ್' ಎಂಬ ಹಾಡಿದೆ. ತಮ್ಮನ್ನು ಜನಾಂಗದ್ವೇಷಿಗಳೆಂದು ಚಿತ್ರಿಸಿದ ಬರಹಗಳಿಗೆ ಕೊಟ್ಟ ಉತ್ತರ ಅದು. ಅದೇ ವರ್ಷದ ಕೊನೆಗೆ 'ಎಂಬರಾಸ್‌ಮೆಂಟ್' ಬಂತು. ಲೀ ಥಾಂಪ್ಸನ್ ಬರೆದ ಹಾಡು. ಅವರ ತಂಗಿ ಒಬ್ಬ ಕಪ್ಪು ಯುವಕನಿಂದ ಗರ್ಭಿಣಿಯಾದಾಗ ಸ್ವಂತ ಮನೆಯವರೇ ಹೇಗೆ ನಡೆದುಕೊಂಡರು ಎಂಬುದೇ ಅದರ ಹಿಂದಿನ ಕಥೆ. ಬ್ರಿಟನ್ನಿನ ಪಟ್ಟಿಯಲ್ಲಿ 4ನೇ ಜಾಗಕ್ಕೆ ಹೋದ ಹಾಡು. ಎಷ್ಟೋ ಜನ ಅದನ್ನು ಮದುವೆ ಪಾರ್ಟಿಯಲ್ಲಿ ಕುಣಿಯುವ ಹಾಡು ಎಂದುಕೊಂಡಿದ್ದಾರೆ. ನಾನೂ ಹಾಗೇ ಅಂದುಕೊಂಡಿದ್ದೆ.

ಈ ಎರಡು ಹಾಡುಗಳನ್ನು ಪಕ್ಕದಲ್ಲಿಟ್ಟ ಮೇಲೆ ಮೇಷ್ಟ್ರ ವಾದ ತಾನಾಗಿಯೇ ಸಡಿಲವಾಯಿತು. ಬ್ಯಾಂಡಿನವರೇ ಈ ವಿಷಯದ ಬಗ್ಗೆ ಹಾಡು ಕಟ್ಟಿದ್ದಾರೆ. ಅವರು ಬಾಯಿ ಬಿಟ್ಟಿರುವಾಗ ಅಭಿಮಾನಿಗಳು ಬಾಯಿ ಮುಚ್ಚಿಕೊಳ್ಳುವುದು ಯಾರ ಮರ್ಯಾದೆ ಕಾಪಾಡಲು?

ಇನ್ನೊಂದು ತೊಡಕು ಬಂತು. ಪತ್ರದಲ್ಲಿ ಕಾರ್ಯಕ್ರಮ ನವೆಂಬರ್‌ನಲ್ಲಿ ನಡೆಯಿತು ಎಂದಿತ್ತು. ಹಳೇ ಜಾಹೀರಾತು ನೋಡಿದರೆ ಆ ಸಭಾಂಗಣದಲ್ಲಿ ಆ ತಿಂಗಳು ಅಂಥದ್ದೇನೂ ಇರಲಿಲ್ಲ. ಮೇಷ್ಟ್ರು ಕೆಂಪು ಪೆನ್ ಇಟ್ಟು ನನ್ನ ಮುಖ ನೋಡಿದರು. 40 ವರ್ಷದ ಹಿಂದಿನ ತಿಂಗಳು ತಪ್ಪಾದರೆ ಇಡೀ ಪತ್ರ ಸುಳ್ಳಾಗುತ್ತದೆಯೇ? ಆಗುವುದಿಲ್ಲ ಎಂದು ನನ್ನ ಅಭಿಪ್ರಾಯ. ಆದರೆ ತಪ್ಪು ತಿಂಗಳನ್ನು ಹಾಗೇ ಅಚ್ಚು ಹಾಕಿದರೆ ನಾಳೆ ಯಾರೋ ಅದೊಂದನ್ನೇ ಹಿಡಿದು ಇಡೀ ಪತ್ರವನ್ನು ಪಕ್ಕಕ್ಕೆ ತಳ್ಳುತ್ತಾರೆ. ಅದು ಬರೆದವರಿಗೆ ಮಾಡುವ ಅನ್ಯಾಯ. ಅಕ್ಕ ಅವರಿಗೆ ಫೋನ್ ಮಾಡಿದರು. ಅವರು ಯೋಚಿಸಿ, ಶಾಲೆ ಶುರುವಾಗಿ (ಅಲ್ಲಿ ಅದು ಸೆಪ್ಟೆಂಬರ್‌ನಲ್ಲಿ) ಸ್ವಲ್ಪ ದಿನಕ್ಕೇ ಇರಬೇಕು, ಹೊಸ ಕೋಟು ಹಾಕಿಕೊಂಡಿದ್ದೆ ಎಂದರು. ತಿಂಗಳು ತೆಗೆದು 'ಆ ವರ್ಷದ ಕೊನೆಯ ಭಾಗದಲ್ಲಿ' ಎಂದು ಮಾಡಲು ಅವರೇ ಒಪ್ಪಿದರು. ಫೋನ್ ಇಟ್ಟ ಮೇಲೆ ಅಕ್ಕ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, 'ಹಾಕಿ' ಎಂದರು. ಮತ್ತೆ ಸೂತಕದ ಮಾತು ಎತ್ತಲಿಲ್ಲ.

ಎಲ್ಲಿ ಹಾಕುವುದು ಎಂಬುದು ಮುಂದಿನ ಪ್ರಶ್ನೆ. ಓದುಗರ ಪತ್ರಗಳಿಗೆ 34ನೇ ಪುಟ ಇತ್ತು. ಅಲ್ಲಿ ಹಾಕಿದರೆ ಸಲೀಸು. 'ನನ್ನ ಹತ್ತಿರ ಜಪಾನಿನ ಪ್ರತಿ ಇದೆ, ಯಾರಿಗಾದರೂ ಬೇಕೇ' ಎಂಬ ಪತ್ರದ ಕೆಳಗೆ ಇದು. ನನಗೆ ಅದು ಹೇಡಿತನ ಅನ್ನಿಸಿತು. ಹಾಗೇ ಹೇಳಿದೆ.

ನಡುವಿನ ಪುಟಗಳ ವಿಷಯ ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮದು ಎ5 ಅಳತೆಯ ಪುಸ್ತಿಕೆ. ಎ4 ಹಾಳೆಯನ್ನು ನಡುವೆ ಮಡಚಿದರೆ ನಾಲ್ಕು ಪುಟ. ಅದಕ್ಕೇ ಒಟ್ಟು ಪುಟ ಯಾವಾಗಲೂ ನಾಲ್ಕರ ಮಗ್ಗಿಯಲ್ಲಿರಬೇಕು. 36 ಪುಟಕ್ಕೆ ಒಂಬತ್ತು ಹಾಳೆ. 1ನೇ ಪುಟದ ಪಕ್ಕ 36, 2ರ ಪಕ್ಕ 35, ಹೀಗೆ ಜೋಡಿಸುತ್ತ ಹೋಗಬೇಕು. ಎಲ್ಲ ಪುಟಗಳೂ ಹಾಳೆಯ ಮೇಲೆ ತಮ್ಮ ನೆರೆಯವರಿಂದ ದೂರ. ನಿಜವಾಗಿ ಪಕ್ಕಪಕ್ಕ ಅಚ್ಚಾಗುವುದು 18 ಮತ್ತು 19 ಮಾತ್ರ. ಪುಸ್ತಿಕೆ ಮೇಜಿನ ಮೇಲೆ ಬಿದ್ದರೆ ತಾನಾಗಿ ತೆರೆದುಕೊಳ್ಳುವುದೂ ಅಲ್ಲೇ, ಪಿನ್ ಕಾಣುವ ಜಾಗದಲ್ಲಿ. ಅಭಿಮಾನಿ ಪತ್ರಿಕೆಗಳಲ್ಲಿ ಅದು ದೊಡ್ಡ ಚಿತ್ರದ ಜಾಗ. ಆ ಸಲ ಚಿತ್ರ ಇರಲಿಲ್ಲ. ಹಾಕಬೇಕೆಂದಿದ್ದ ಫೋಟೊದ ಹಕ್ಕು ಛಾಯಾಗ್ರಾಹಕರದು, ಅವರು ಕೇಳಿದ ದುಡ್ಡು ನಮ್ಮ ಕೈಗೆಟುಕಲಿಲ್ಲ. ಹಾಡಿನ ಸಾಲು ಹಾಕೋಣವೆಂದರೆ ಅದಕ್ಕೂ ಪ್ರಕಾಶಕರ ಅನುಮತಿ ಬೇಕು. ಹೀಗೆ ಖಾಲಿ ಉಳಿದ ಜಾಗ ಅದು.

ಪತ್ರವನ್ನು ಟೈಪ್ ಮಾಡಿ ಹಾಕುವ ಬದಲು ಕೈಬರಹವನ್ನೇ ಸ್ಕ್ಯಾನ್ ಮಾಡಿ ಹಾಕಬೇಕು ಎಂದು ನಾನು ಹಠ ಹಿಡಿದೆ. ಆ ಓರೆ ಅಕ್ಷರ, ಒಂದು ಕಡೆ ಹೊಡೆದು ಹಾಕಿದ ಸಾಲು, ಅವೆಲ್ಲ ಓದುಗರಿಗೆ ಕಾಣಬೇಕಿತ್ತು. ಬರೆದವರು ಒಪ್ಪಿದರು. ಹೆಸರು ಬೇಡ ಎಂದರು. ಸಹಿ ಇದ್ದ ಕಡೆ ಬಿಳಿ ಬಿಟ್ಟೆವು.

ಅಚ್ಚಿಗೆ ನಾಲ್ಕು ದಿನ ಇರುವಾಗ ಸಂಪಾದಕರು ಬಂದರು. ರಾತ್ರಿ ಪಾಳಿ ಮುಗಿಸಿ ನೇರವಾಗಿ ಬಂದಿದ್ದರು. ಒಂದು ಪುಟದ ಬರಹ ಮೇಜಿನ ಮೇಲಿಟ್ಟು, 'ಇದು 17ನೇ ಪುಟಕ್ಕೆ. ಅಲ್ಲಿರುವ ರಸಪ್ರಶ್ನೆ ತೆಗೆದುಬಿಡಿ' ಎಂದರು. 1979ರಲ್ಲಿ ಅವರಿಗೆ 14 ವರ್ಷ. ಅದೇ ತಿಂಗಳುಗಳಲ್ಲಿ ಅವರೂ ಒಂದು ಕಾರ್ಯಕ್ರಮಕ್ಕೆ ಹೋಗಿದ್ದರು. ಮುಂದೆ ಕೈಗಳು ಎದ್ದದ್ದನ್ನು ನೋಡಿದ್ದರು. ತಮ್ಮ ಶಾಲೆಯ ಒಬ್ಬ ಕಪ್ಪು ಹುಡುಗ ಗೋಡೆಗೆ ಒರಗಿ, ಆಮೇಲೆ ಬಾಗಿಲ ಕಡೆ ಸರಿದು ಹೋದದ್ದನ್ನೂ ನೋಡಿದ್ದರು. ತಾನು ಹಾಡುತ್ತಲೇ ಇದ್ದೆ ಎಂದು ಬರೆದಿದ್ದರು. ಸೋಮವಾರ ಶಾಲೆಯಲ್ಲಿ ಆ ಹುಡುಗ ಎದುರಾದಾಗ ಹಾಡುಗಳ ಬಗ್ಗೆ ಮಾತಾಡಿದೆ, ಬೇರೆ ಏನೂ ಕೇಳಲಿಲ್ಲ ಎಂದು ಮುಗಿಸಿದ್ದರು. ಕ್ಷಮೆ ಕೇಳುವ ಮಾತಿರಲಿಲ್ಲ, ಸಮಜಾಯಿಷಿಯೂ ಇರಲಿಲ್ಲ.

ಮೇಷ್ಟ್ರು ಅದರಲ್ಲಿ ಒಂದು ಅಲ್ಪವಿರಾಮವನ್ನೂ ಮುಟ್ಟಲಿಲ್ಲ.

20ನೇ ಪುಟಕ್ಕೆ ನಾನು, ಮೇಷ್ಟ್ರು ಸೇರಿ ಹಿನ್ನೆಲೆ ಬರೆದೆವು. ಜಮೈಕಾದಿಂದ ಕ್ಯಾಮ್ಡನ್‌ವರೆಗಿನ ದಾರಿ, 1979ರ ಚುನಾವಣೆ, ಎನ್‌ಎಂಇ ಸಂದರ್ಶನ, ಆ ಎರಡು ಹಾಡು. 1992ರ ಸಂಗತಿಯನ್ನೂ ಸೇರಿಸಿದೆವು. ಆ ವರ್ಷ ಆಗಸ್ಟ್ 8 ಮತ್ತು 9ರಂದು ಫಿನ್ಸ್‌ಬರಿ ಪಾರ್ಕಿನಲ್ಲಿ ಬ್ಯಾಂಡ್ ಮತ್ತೆ ಒಟ್ಟಾಗಿ ಹಾಡಿತು. ಅಭಿಮಾನಿಗಳಿಗೆ ಅದು ದೊಡ್ಡ ಜಾತ್ರೆ. ಅಲ್ಲಿ ಮೊದಲ ದಿನ ಅತಿಥಿಯಾಗಿ ಹಾಡಲು ಬಂದ ಮಾರಿಸ್ಸಿ ವೇದಿಕೆ ಮೇಲೆ, ನ್ಯಾಷನಲ್ ಫ್ರಂಟಿನವರೂ ಹಿಡಿಯುತ್ತಿದ್ದ ಬ್ರಿಟನ್ನಿನ ಬಾವುಟ ಹಿಡಿದು ಸುತ್ತಿದರು. ಅವರ ಹಿಂದಿನ ಪರದೆಯಲ್ಲಿ ಸ್ಕಿನ್‌ಹೆಡ್ ಹುಡುಗಿಯರ ಚಿತ್ರ ಇತ್ತು. ಅದರ ಮೇಲೆ ವಾರಗಟ್ಟಲೆ ಚರ್ಚೆ ನಡೆಯಿತು. ಹಳೇ ಗಾಯ ಅಷ್ಟು ಸುಲಭವಾಗಿ ಆರಿರಲಿಲ್ಲ ಎಂದು ತೋರಿಸಲು ಇದು ಬೇಕು ಎಂದು ನನಗನ್ನಿಸಿತ್ತು.

ಅಚ್ಚಿನ ದಿನ ನನ್ನಿಂದ ಎರಡು ತಪ್ಪಾದವು. ಒಂಬತ್ತು ಹಾಳೆ ಒಂದರೊಳಗೊಂದು ಮಡಚಿದಾಗ ಒಳಗಿನ ಹಾಳೆ ಹೊರಗಿನದಕ್ಕಿಂತ ಸ್ವಲ್ಪ ಮುಂದೆ ಚಾಚುತ್ತದೆ. ಅಂಚು ಸಮ ಮಾಡಲು ಕತ್ತರಿಸಿದಾಗ ಜಾಸ್ತಿ ಕಳೆದುಕೊಳ್ಳುವುದು ನಡುವಿನ ಹಾಳೆಯೇ. ಒಂದೆರಡು ಮಿಲಿಮೀಟರ್ ಅಷ್ಟೇ. ಟೈಪ್ ಮಾಡಿದ ಪುಟಕ್ಕೆ ಅಂಚಿನಲ್ಲಿ ಜಾಗ ಇರುತ್ತದೆ, ಗೊತ್ತಾಗುವುದಿಲ್ಲ. ಕೈಬರಹ ಅಂಚಿನವರೆಗೂ ಹೋಗಿತ್ತು. ಮೊದಲ 20 ಪ್ರತಿ ಕತ್ತರಿಸಿ ನೋಡಿದರೆ 19ನೇ ಪುಟದ ಸಾಲುಗಳ ಕೊನೆಯ ಅಕ್ಷರಗಳು ಹೋಗಿದ್ದವು. ತನಗೂ ಜಾಗ ಇದೆಯೇ ಎಂದು ಕೇಳಿದವರ ಪತ್ರವನ್ನು ನಾನೇ ಅಂಚಿನಲ್ಲಿ ಕತ್ತರಿಸಿದ್ದೆ. ಕೈ ನಡುಗಿತು. ಆ 20 ಪ್ರತಿ ಬಿಚ್ಚಿ, ಸ್ಕ್ಯಾನ್ ಚಿಕ್ಕದು ಮಾಡಿ, ನಡುವಿನ ಹಾಳೆ ಮತ್ತೆ ಅಚ್ಚು ಮಾಡಿಸಿದೆವು. ಇನ್ನೊಂದು ತಪ್ಪು ಹಾಗೇ ಹೋಯಿತು. 'ಒನ್ ಸ್ಟೆಪ್ ಬಿಯಾಂಡ್' ಹಾಡು ಮೂಲದಲ್ಲಿ ಪ್ರಿನ್ಸ್ ಬಸ್ಟರ್ ಅವರದು. ಅದು ಅವರ ರೆಕಾರ್ಡಿನ ಮುಖ್ಯ ಹಾಡು ಎಂದು ನಾನು ಬರೆದಿದ್ದೆ. ಅಲ್ಲ, ಅದು 'ಅಲ್ ಕಪೋನ್' ರೆಕಾರ್ಡಿನ ಹಿಂಬದಿಯ ಹಾಡು. ಅಭಿಮಾನಿಗಳು ಇಂಥದ್ದನ್ನು ಬಿಡುತ್ತಾರೆಯೇ? ಆರು ಪತ್ರ ಬಂದವು. ಮುಂದಿನ ಸಂಚಿಕೆಯ ಮೊದಲ ಪುಟದಲ್ಲೇ ತಿದ್ದುಪಡಿ ಹಾಕಿದೆವು.

ಅಂಚೆ ವೆಚ್ಚ ಮಾತ್ರ ಸರಿಯಾಗಿ ಕೂತಿತು. ಎ5 ಪುಸ್ತಿಕೆ ಹಿಡಿಯುವ ಲಕೋಟೆ, 100 ಗ್ರಾಂ ಒಳಗೆ, ದಪ್ಪ ಅರ್ಧ ಸೆಂಟಿಮೀಟರ್ ಒಳಗೆ ಇದ್ದರೆ ಅಲ್ಲಿ ಮಾಮೂಲಿ ಪತ್ರದ ದರ. ಅದು ದಾಟಿದರೆ ದೊಡ್ಡ ಪತ್ರದ ದರ. ಸಂಪಾದಕರು ಕೈಯಲ್ಲಿ ತೂಗಿಯೇ ಹೇಳುತ್ತಿದ್ದರು. ಅದು ಅವರ ರಾತ್ರಿಯ ಕೆಲಸ ಕಲಿಸಿದ ವಿದ್ಯೆ.

ಆಮೇಲೆ ಏನಾಯಿತು? 11 ಜನ ಚಂದಾ ನಿಲ್ಲಿಸಿದರು. ಕೆಲವರು ಕಾರಣ ಬರೆದರು, ಕೆಲವರು ಬರೆಯಲಿಲ್ಲ. 'ಸಂಗೀತದೊಳಗೆ ರಾಜಕೀಯ ತರಬೇಡಿ' ಎಂದು ಒಬ್ಬರು. ನನಗೆ ಇದಕ್ಕೆ ಉತ್ತರ ಬರೆಯಬೇಕು ಅನ್ನಿಸಿತು. ಪ್ರಿನ್ಸ್ ಬಸ್ಟರ್ ಹುಟ್ಟಿದ ದ್ವೀಪದಿಂದ ಹಡಗಿನಲ್ಲಿ ಬಂದ ತಾಳಕ್ಕೆ ಕುಣಿದು, ಅದೇ ಹಡಗಿನ ಹಾದಿಯಲ್ಲಿ ಬಂದವರ ಮಗಳನ್ನು ಬಾಗಿಲಲ್ಲಿ ತಡೆದದ್ದೇ ರಾಜಕೀಯ. ನಾವು ಅದನ್ನು ತರಲಿಲ್ಲ, ಅದು ಮೊದಲೇ ಬಾಗಿಲಲ್ಲಿ ನಿಂತಿತ್ತು. ಸಂಪಾದಕರು ಉತ್ತರ ಬೇಡ ಎಂದರು. ಚಂದಾ ಹಣ ವಾಪಸ್ ಕಳಿಸಿ, 'ಇಷ್ಟು ವರ್ಷ ಜೊತೆಗಿದ್ದಿರಿ, ಥ್ಯಾಂಕ್ಸ್' ಎಂದಷ್ಟೇ ಬರೆದರು. ಆಗ ನನಗೆ ಸಿಟ್ಟು ಬಂದಿತ್ತು. ಈಗಲೂ ಪೂರ್ತಿ ಹೋಗಿಲ್ಲ.

ಬಂದ ಪತ್ರಗಳೂ ಇದ್ದವು, ಹಿಂದೆಂದೂ ಬರದಷ್ಟು. ಲೆಸ್ಟರ್‌ನಿಂದ ಒಬ್ಬ ಗುಜರಾತಿ ಅಭಿಮಾನಿ ಬರೆದರು. ಅವರು 1980ರಲ್ಲಿ ಹುಡುಗನಾಗಿದ್ದಾಗ ಟೋಪಿ ಕೆಳಗೆಳೆದು, ಕಾಲರ್ ಮೇಲೆತ್ತಿ, ಅಣ್ಣನ ಬಿಳಿಯ ಗೆಳೆಯರ ನಡುವೆ ನಿಂತು ಕಾರ್ಯಕ್ರಮ ನೋಡಿದ್ದರಂತೆ. 'ಹಾಡು ಎಷ್ಟು ಕೇಳಿದೆನೋ ಹಿಂದೆ ಯಾರಿದ್ದಾರೆ ಎಂದೂ ಅಷ್ಟೇ ಕೇಳುತ್ತಿದ್ದೆ' ಎಂಬ ಅರ್ಥದ ಸಾಲು ಆ ಪತ್ರದಲ್ಲಿತ್ತು. ಅದು ಮುಂದಿನ ಸಂಚಿಕೆಯ ನಡುವಿನ ಪುಟಕ್ಕೆ ಹೋಯಿತು. ನಾವು ಯೋಜಿಸಿರಲಿಲ್ಲ, ಆದರೆ ನಡುವಿನ ಎರಡು ಪುಟ ಆಮೇಲೆ ಓದುಗರ ನೆನಪುಗಳ ಜಾಗವೇ ಆಗಿಬಿಟ್ಟಿತು.

ಇಂಗ್ಲೆಂಡಿನಲ್ಲಿ ಏನೇ ಅಚ್ಚಾಗಿ ಹೊರಬಂದರೂ ಒಂದು ಪ್ರತಿಯನ್ನು ಒಂದು ತಿಂಗಳೊಳಗೆ ಬ್ರಿಟಿಷ್ ಲೈಬ್ರರಿಗೆ ಕೊಡಬೇಕು. ಅಡುಗೆಮನೆ ಮೇಜಿನ ಮೇಲೆ ಪಿನ್ ಹೊಡೆದ ಪತ್ರಿಕೆಗೂ ಅದೇ ಕಾನೂನು. ಆ ಸಲದ ಪ್ರತಿಯನ್ನು ಅಂಚೆಗೆ ಹಾಕದೆ ಸಂಪಾದಕರು ತಾವೇ ನಡೆದುಕೊಂಡು ಹೋಗಿ ಕೊಟ್ಟು ಬಂದರು. ಕೆಂಟಿಶ್ ಟೌನ್‌ನಿಂದ ಅದೇನೂ ದೂರವಲ್ಲ.

ಒಂದು ಪತ್ರದ ವಿಷಯ ಮಾತ್ರ ಬಗೆಹರಿದಿಲ್ಲ. ಅದು ಆ ವರ್ಷದ ಡಿಸೆಂಬರ್‌ನಲ್ಲಿ ಬಂತು. ಹೆಸರಿಲ್ಲ, ವಿಳಾಸವಿಲ್ಲ. ಬರೆದವರು 1979ರಲ್ಲಿ 16 ವರ್ಷದ ಹುಡುಗ. ಬಾಗಿಲ ಹತ್ತಿರ ನಿಂತ ಗುಂಪಿನಲ್ಲಿ ತಾನೂ ಇದ್ದೆ, ಅದೇ ಊರು, ಅದೇ ತಿಂಗಳುಗಳು, ಕೈ ಎತ್ತಿದವರಲ್ಲಿ ನಾನೂ ಒಬ್ಬ ಎಂದು ಬರೆದಿದ್ದಾರೆ. ಅಂದು ಒಬ್ಬ ಹುಡುಗಿ ತಿರುಗಿ ಹೋದದ್ದು ನೆನಪಿದೆ, ಅವಳು ಹೊಸ ಕೋಟು ಹಾಕಿದ್ದಳು ಎಂದಿದೆ. ನಾವು ಅಚ್ಚು ಮಾಡಿದ ಪತ್ರದಲ್ಲಿ ಕೋಟಿನ ಮಾತು ಇರಲಿಲ್ಲ. ಅದು ಅಕ್ಕನಿಗೆ ಫೋನಿನಲ್ಲಿ ಹೇಳಿದ್ದು.

ಆ ಪತ್ರವನ್ನು ಮೊದಲು ಆಕೆಗೆ ತೋರಿಸಬೇಕು, ಹಾಕುವುದು ಬಿಡುವುದು ಅವರ ಇಷ್ಟ ಎಂದು ನಾನು ಹೇಳಿದೆ. ಮೇಷ್ಟ್ರು ಹೇಳುವುದು, ಹೆಸರಿಲ್ಲದ ಪತ್ರಕ್ಕಾಗಿ ಅವರ ಗಾಯ ಕೆದಕಬಾರದು ಎಂದು. ಅಕ್ಕ, ಆತ ಹೆಸರು ಹಾಕಿ ಬರೆಯಲಿ, ಆಮೇಲೆ ನೋಡೋಣ ಎನ್ನುತ್ತಾರೆ. ಸಂಪಾದಕರು ಆ ದಿನವೂ ಏನೂ ಹೇಳಲಿಲ್ಲ. ಪತ್ರ ಈಗಲೂ ಅಕ್ಕನ ಬಿಸ್ಕತ್ ಡಬ್ಬಿಯಲ್ಲಿದೆ, ಆಕೆಯ ಚಂದಾ ಕಾರ್ಡಿನ ಹಿಂದೆ.